ನಿಮಿಷಕ್ಕೆ ಹನ್ನೆರಡು

ಎಲ್ಲವನ್ನೂ ಎರಡೆರಡು ಸಲ ನೋಡುತ್ತಾಳೆಂದು ಕಾರ್ಖಾನೆಯಲ್ಲಿ ಅವಳಿಗೆ 'ಎರಡ್ಸಲ ಮೇಡಂ' ಎಂದೇ ಹೆಸರು ಬಿದ್ದಿತ್ತು. ಅವತ್ತು ಬೆಳಿಗ್ಗೆಯೂ ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ಮೆಟ್ಟಿಲಿಳಿದವಳು ಮತ್ತೆ ಹತ್ತಿ ಬಂದಾಗ ಅತ್ತೆ, "ನಾನು ಮನೇಲೇ ಇರ್ತೀನಲ್ಲ, ನಾನೇನು ಶೋಕೇಸಿನ ಗೊಂಬೇನಾ?" ಎಂದು ಗದರಿ ಕಳಿಸಿದ್ದರು.

ಕಾರ್ಖಾನೆಯಲ್ಲಿ ತಯಾರಾಗುತ್ತಿದ್ದುದು ಕೃತಕ ಕಾಲುಗಳು. ಬಂದವರ ಅಳತೆಯನ್ನು ಮೇಸ್ತ್ರಿ ಒಂದು ಚೀಟಿಯಲ್ಲಿ ಗೀಚುತ್ತಿದ್ದರು. ಪ್ಲಾಸ್ಟರಿನ ನೀರು ಬಿದ್ದು ಸಂಜೆಯೊಳಗೆ ಆ ಚೀಟಿ ಮುದ್ದೆಯಾಗುತ್ತಿತ್ತು. ಅದಕ್ಕೇ ಚೀಟಿಯ ಫೋಟೋ ತೆಗೆದು ಆಫೀಸಿಗೆ ಮೇಲ್ ಮಾಡಿಬಿಡುವುದು ಅಲ್ಲಿನ ರೂಢಿ. ಹದಿನಾರು ವರ್ಷದ ಅಳತೆಗಳಿಗೆ ಬೇರೆ ದಾಖಲೆಯೇ ಇರಲಿಲ್ಲ. ಈಗ ಆ ಮೇಲ್‌ಗಳೆಲ್ಲ ಹಳೆಯ ಸರ್ವರಿನಿಂದ ಹೊಸದಕ್ಕೆ ಹೋಗಬೇಕಿತ್ತು; ಆಫೀಸಿನ ಕಂಪ್ಯೂಟರ್ ಕೆಲಸ ನೋಡಿಕೊಳ್ಳುತ್ತಿದ್ದ ಅವಳದೇ ಆ ಹೊಣೆ. ಅವತ್ತೇ ಸಂಜೆ ಐದಕ್ಕೆ ಹಳೆಯದನ್ನು ಅಳಿಸುವುದೆಂದು ನಿಗದಿಯಾಗಿತ್ತು.

ಹೊಸ ಸರ್ವರಿಗೆ ಆತುರ ಕಂಡರಾಗದು. ಮೇಲ್‌ಗಳು ಬೇಗಬೇಗ ಬಂದರೆ 'ಮಿತಿ ಮೀರಿದೆ, ಹತ್ತು ನಿಮಿಷ ಕಾಯಿರಿ' ಎಂದು ಮುಖಕ್ಕೆ ಹೊಡೆದಂತೆ ಹೇಳುತ್ತಿತ್ತು. ಅವಳು ವೇಗವನ್ನು ಏರಿಸಿ ಇಳಿಸಿ ನೋಡಿ ಅದರ ಮಿತಿ ಪತ್ತೆ ಮಾಡಿದ್ದಳು: ನಿಮಿಷಕ್ಕೆ ಹನ್ನೆರಡು. ಹದಿಮೂರಾದರೆ ಮುನಿಸು. ಸರ್ವರ್ ತಡೆದರೆ ಅದು ಹೇಳಿದಷ್ಟು ಹೊತ್ತು ತೆಪ್ಪಗಿದ್ದು, ನಿಂತಲ್ಲಿಂದಲೇ ಮುಂದುವರಿಯುವಂತೆ ಪ್ರೋಗ್ರಾಂ ಹೊಂದಿಸಿದ್ದಳು. ಹೊಸ ಮೇಲ್‌ಗಳು ಮೊದಲು ಹೋಗಿದ್ದವು. ಉಳಿದವು ತೀರ ಹಳೆಯವು, ಹತ್ತು ವರ್ಷಕ್ಕೂ ಹಿಂದಿನವು.

ಆದರೆ ಅವಳು ಬರುವಷ್ಟರಲ್ಲಿ ಮ್ಯಾನೇಜರ್ ನಾಲ್ಕು ಕಂಪ್ಯೂಟರಿನಲ್ಲಿ ಅದೇ ಪ್ರೋಗ್ರಾಂ ಓಡಿಸಿದ್ದರು. ಸರ್ವರ್ ಇಡೀ ಆಫೀಸನ್ನೇ ಎರಡು ಗಂಟೆ ಹೊರಗಿಟ್ಟಿತು.

"ನಾಲ್ಕು ಜನ ಒಟ್ಟಿಗೆ ತಳ್ಳಿದ್ರೆ ಬಾಗಿಲು ತೆಗೆಯುತ್ತೆ ಅಂದ್ಕೊಂಡೆ," ಎಂದರು ಮ್ಯಾನೇಜರ್.

"ಒಳಗಿಂದ ಚಿಲಕ ಹಾಕ್ಕೊಂಡ್ರು ಸರ್," ಎಂದು ಅವಳು ಮೂರು ಕಂಪ್ಯೂಟರುಗಳನ್ನು ಬಂದ್ ಮಾಡಿದಳು.

ನಾಲ್ಕೂವರೆಗೆ ಅವರು ಒಂದು ಹಾಳೆ ತಂದು ಅವಳ ಮುಂದಿಟ್ಟರು. ಕೆಳಗೆ 'ಎರಡೂ ಕಡೆ ಎಣಿಸಿದವರ ಸಹಿ' ಎಂದಿತ್ತು. ಅದು ಕೈಸೇರಿದ ಮೇಲೇ ಹಳೆಯ ಸರ್ವರಿನವರು ಅಳಿಸುವುದು.

"ಸಹಿ ಹಾಕಿ. ಮುಗೀತು ಅಂತ ಅಧ್ಯಕ್ಷರಿಗೆ ನಿನ್ನೇನೇ ಹೇಳಿಬಿಟ್ಟಿದ್ದೀನಿ."

"ಇನ್ನೂ ಮೂರು ಸಾವಿರದ ಎಂಟುನೂರ ಐವತ್ತು ಇದೆ ಸರ್. ತಾನೇ ನಡೀತಾ ಇರುತ್ತೆ, ನಾಳೆ ಬೆಳಿಗ್ಗೆ ಹೊತ್ತಿಗೆ ಆಗಿರುತ್ತೆ."

"ಹಳೇ ಕಸ ರೀ ಅದು! ಯಾರಿಗೆ ಬೇಕು?"

ಅಷ್ಟರಲ್ಲಿ ಮೇಸ್ತ್ರಿ ಮೊಣಕೈವರೆಗೂ ಪ್ಲಾಸ್ಟರ್ ಮೆತ್ತಿಕೊಂಡು ಬಾಗಿಲಲ್ಲಿ ನಿಂತರು. "ಎರಡ್ಸಲ ಮೇಡಂ, ನಾಳೆ ನಮ್ಮ ಪೋಸ್ಟಮ್ಮ ಬರ್ತಾಳೆ. ಹನ್ನೊಂದು ವರ್ಷದ ಹಿಂದಿನ ಅಳತೆ ಸಿಕ್ತಾ? ಆ ಮೊದಲನೇ ಕಾಲಲ್ಲಿ ಊರೆಲ್ಲ ಸುತ್ತಿ ಕಾಗದ ಹಂಚಿದ್ಳು. ಆಮೇಲಿನವು ಎರಡೂ ಉಜ್ಜಿ ಉಜ್ಜಿ ಹುಣ್ಣಾಯ್ತು."

"ಹೊಸದಾಗಿ ಅಳತೆ ತಗೊಳ್ರೀ," ಎಂದರು ಮ್ಯಾನೇಜರ್.

"ತಗೊಂಡೇ ಮಾಡಿದ್ದು ಸಾಹೇಬ್ರೇ ಆ ಎರಡನ್ನೂ."

ಕೆಲಸ ಹೋದರೆ ಮನೆಯಲ್ಲಿ ಏನು ಹೇಳುವುದೆಂದು ಅವಳು ಮಧ್ಯಾಹ್ನದಿಂದಲೇ ಯೋಚಿಸುತ್ತಿದ್ದಳು. ಒಂದು ವಾಕ್ಯವೂ ಸರಿಹೋಗಿರಲಿಲ್ಲ. ಪೆನ್ನು ಎತ್ತಿಕೊಂಡಳು. ಮ್ಯಾನೇಜರ್ ನಿಟ್ಟುಸಿರು ಬಿಟ್ಟರು.

ಅವಳು ಬರೆದಳು: 'ಅಲ್ಲಿ 41,260. ಇಲ್ಲಿ 37,410. ಸಮ ಇಲ್ಲ. ಅಳಿಸಬಾರದು.' ಕೆಳಗೆ ನೀಟಾಗಿ ಸಹಿ ಮಾಡಿ, ಎರಡು ಸಲ ಓದಿ, ಅವರ ಕಣ್ಣೆದುರೇ ಫೋಟೋ ತೆಗೆದು ಹಳೆಯ ಸರ್ವರಿನವರಿಗೆ ಕಳಿಸಿಬಿಟ್ಟಳು.

"ನಾನು ಹೇಳಿದ್ದೇನು, ನೀವು ಮಾಡಿದ್ದೇನು!"

"ಎಣಿಸಿದವರ ಸಹಿ ಅಂತಿದೆ ಸರ್. ಎಣಿಸಿದೆ, ಹಾಕಿದೆ. ನೀವು ಬೇರೆ ಹಾಳೆ ಕಳಿಸೋದಾದ್ರೆ ಕಳಿಸಿ. ಆದರೆ ಅದರಲ್ಲಿ ನನ್ನ ಹೆಸರು ಇರಲ್ಲ."

ಅವರು ಹಾಳೆಯನ್ನೂ ಅವಳನ್ನೂ ಬದಲಿಸಿ ಬದಲಿಸಿ ನೋಡಿದರು. ತಮ್ಮ ಹೆಸರು ಬರೆಯುವ ಧೈರ್ಯವಾಗಲಿಲ್ಲ. "ನಾಳೆ ಬಂದ ತಕ್ಷಣ ನನ್ನ ರೂಮಿಗೆ ಬರಬೇಕು," ಎಂದು ದಡಬಡ ಹೊರಟರು. ಐದಕ್ಕೆ ಹತ್ತು ನಿಮಿಷವಿದ್ದಾಗ ಉತ್ತರ ಬಂತು: ಸಮವಾಗುವವರೆಗೆ ಮುಟ್ಟುವುದಿಲ್ಲ.

ಮರುದಿನ ಅವಳು ಬಂದಾಗ ಎರಡೂ ಕಡೆ 41,260 ಇತ್ತು. ಮತ್ತೊಮ್ಮೆ ಎಣಿಸಿದಳು. ಆಮೇಲೆ ಹನ್ನೊಂದು ವರ್ಷದ ಹಿಂದಕ್ಕೆ ಹೋಗಿ ಒದ್ದೆ ಚೀಟಿಯೊಂದರ ಫೋಟೋ ತೆರೆದಳು. ಪೋಸ್ಟಮ್ಮ ಬೆಂಚಿನ ಮೇಲೆ ಕೂತು, ಸವೆದ ಕಾಲನ್ನು ಬಿಚ್ಚಿ ಪಕ್ಕದಲ್ಲಿಟ್ಟುಕೊಂಡು, "ಬೇಗ ಓದಮ್ಮಾ, ಇವನ ಕೈಯಲ್ಲಿ ಇನ್ನೊಂದು ಹುಣ್ಣು ಮಾಡಿಸ್ಕೊಳ್ಳಕ್ಕಾಗಲ್ಲ," ಎಂದಳು. ಮೇಸ್ತ್ರಿ ನಕ್ಕು ಟೇಪು ಹಿಡಿದರು. ಅವಳು ಒಂದೊಂದೇ ಅಂಕಿಯನ್ನು ಎರಡೆರಡು ಸಲ ಓದತೊಡಗಿದಳು.

ಮೇಜಿನ ಫೋನು ಹೊಡೆದುಕೊಂಡಿತು. ನಿಂತು, ಮತ್ತೆ ಹೊಡೆದುಕೊಂಡಿತು. ಮ್ಯಾನೇಜರೇ.

"ಬಂದೆ ಸರ್," ಎಂದಳು. "ಹತ್ತು ನಿಮಿಷ ಕಾಯಿರಿ."