ಬಜೆಟ್ಟಿನಲ್ಲಿ ಬಂದ ಕಾಲೇಜು

ಬಜೆಟ್ ಮಂಡನೆಯಾದ ಮೇಲೆ ಒಂದು ವಾರ ನನಗೆ ಎಲ್ಲಿಲ್ಲದ ಬೆಲೆ. ಕಲಬುರಗಿಯ ಕಾಲೇಜೊಂದರಲ್ಲಿ ಅರ್ಥಶಾಸ್ತ್ರ ಕಲಿಸುವ ಈ ಭುವನೇಶ್ವರಿಗೆ ಟಿವಿಯವರೂ ಫೋನ್ ಮಾಡುತ್ತಾರೆ. "ಕೊರತೆ ಎಷ್ಟು ಮೇಡಂ, ಎರಡೇ ಮಾತಲ್ಲಿ ಹೇಳಿ" ಎನ್ನುತ್ತಾರೆ. ಹಾಸಿಗೆಯನ್ನೂ ಸಾಲ ತಂದು ಕಾಲು ಚಾಚುವ ಸರ್ಕಾರದ ಬಗ್ಗೆ ಎರಡೇ ಮಾತಂತೆ! ಸಿಟ್ಟು ನುಂಗಿಕೊಂಡು ಹೇಳುತ್ತೇನೆ.

ಈ ಸಲ ಕಮಲಾಪುರದಿಂದ ಗುಫ್ರಾನ್ ಫೋನ್ ಮಾಡಿದ. ನನ್ನ ಹಳೆಯ ವಿದ್ಯಾರ್ಥಿ, ಅಲ್ಲಿ ಔಷಧದ ಅಂಗಡಿ ಇಟ್ಟಿದ್ದಾನೆ.

"ಮೇಡಂ, ಬಜೆಟ್‌ದಾಗ ನಮ್ಮೂರಿಗಿ ಹೆಣ್ಣುಮಕ್ಕಳ ಡಿಗ್ರಿ ಕಾಲೇಜು ಬಂದದ್ರೀ. ಜಾಗಾ ದಾನ ಕೊಟ್ಟ ಜಗದೇವಪ್ಪ ಮುತ್ಯಾಗ ಸನ್ಮಾನ ಇಟ್ಟೀವಿ. ನೀವು ಬಂದು ಎರಡು ಮಾತಾಡ್ಬೇಕ್ರೀ."

ಮತ್ತೆ ಎರಡು ಮಾತು! ಆದರೂ ಖುಷಿಯಿಂದ ಒಪ್ಪಿದೆ. ದಿನಾ ಕಲಬುರಗಿಯ ಬಸ್ಸು ಹತ್ತಿಸಲು ಮನೆಯವರು ಒಪ್ಪದೆ, ಪಿಯುಸಿಗೇ ಓದು ನಿಲ್ಲಿಸಿದ ಹುಡುಗಿಯರು ಅಲ್ಲಿ ಬೇಕಾದಷ್ಟಿದ್ದರು.

ಸಮಾರಂಭದ ದಿನ ಬೆಳಗ್ಗೆ, ಭಾಷಣಕ್ಕೆ ಒಂದು ಅಂಕಿಯಾದರೂ ಇರಲಿ ಎಂದು ಶಹಾಬಜಾರದ ನನ್ನ ಮನೆಯಲ್ಲಿ ಬಜೆಟ್ಟಿನ ವಿವರ ಸಂಪುಟ ತೆರೆದೆ. ಮಂತ್ರಿಗಳ ಭಾಷಣವನ್ನು ಊರೆಲ್ಲ ಕೇಳುತ್ತದೆ, ಈ ಸಂಪುಟ ನನ್ನಂಥ ಕೆಲಸವಿಲ್ಲದವರಿಗೆ. ಕಮಲಾಪುರದ ಕಾಲೇಜು ಸಿಕ್ಕಿತು. ಅದರ ಎದುರಿಗೆ 0.01 ಎಂದಿತ್ತು. ಅಂಕಿಗಳೆಲ್ಲ ಲಕ್ಷಗಳಲ್ಲಿ. ಅಂದರೆ ಒಂದು ಸಾವಿರ ರೂಪಾಯಿ.

ಕನ್ನಡಕ ಒರೆಸಿ ಮತ್ತೆ ನೋಡಿದೆ. ಕೊಡಲು ದುಡ್ಡಿಲ್ಲದಾಗ, ಯೋಜನೆಯ ಹೆಸರಾದರೂ ಉಳಿಯಲಿ ಎಂದು ಸಾವಿರ ರೂಪಾಯಿ ತೋರಿಸಿ ಕೈತೊಳೆದುಕೊಳ್ಳುವುದು ಬಜೆಟ್ ಬರೆಯುವವರ ರೂಢಿ. ಗುಫ್ರಾನ್ ಫೋನ್ ಎತ್ತಲಿಲ್ಲ. ಸಿಕ್ಕ ಬಸ್ಸು ಹತ್ತಿದೆ.

ಶಾಮಿಯಾನ ಹಾಕಿದ್ದು ಜಗದೇವಪ್ಪನವರ ಕೆಂಪು ಬಾಳೆಯ ತೋಟದಲ್ಲಿ. ಆದರೆ ತೋಟವೆಲ್ಲಿ? ಗಿಡಗಳನ್ನು ಕಿತ್ತು ನೆಲ ಸಮ ಮಾಡಿಬಿಟ್ಟಿದ್ದರು. ಇನ್ನೂ ಬಲಿಯದ ಗೊನೆಗಳು ಬದುವಿನ ಮೇಲೆ ಬಿದ್ದಿದ್ದವು.

"ಕಾಲೇಜು ಬಂತಲ್ರೀ ಮೇಡಂ, ಮತ್ಯಾಕ ತಡ ಅಂತ ತೋಟ ತೆಗೆಸಿದೆ" ಎಂದರು ಮುತ್ಯಾ, ನನ್ನ ಕೈಗೆ ಪೇಢೆ ಇಡುತ್ತ. "ನೀರಿದ್ದ ಹೊಲ ನಮಗ ಇದೊಂದೇ ಇತ್ತು. ಇರ್ಲಿ, ಹೆಣ್ಣುಮಕ್ಕಳು ಓದ್ತಾವ."

ಪೇಢೆ ಬಾಯಿಗೆ ಹೋಗಲಿಲ್ಲ. ಮೈಕಿನ ಮುಂದೆ ಸುಳ್ಳು ಹೇಳಲು ನನ್ನಿಂದಾಗದು. ಅಲ್ಲೇ, ಗುಫ್ರಾನ್ ಮತ್ತು ಅತಿಥಿಯಾಗಿ ಬಂದಿದ್ದ ಅಧಿಕಾರಿಯೊಬ್ಬರ ಎದುರಿಗೇ ಹೇಳಿಬಿಟ್ಟೆ.

"ಸಾವಿರ?" ಮುತ್ಯಾ ನನ್ನ ಮುಖವನ್ನೇ ನೋಡಿದರು. "ಬರೇ ಸಾವಿರ? ಕಾಲೇಜಿನ ಬೋರ್ಡ್ ಬರಸ್ಲಿಕ್ಕೂ ಸಾಲಂಗಿಲ್ಲಲ್ರೀ!"

"ಭಾಷಣದಾಗ ಊರ ಹೆಸರು ಹೇಳ್ಯಾರ ಮೇಡಂ, ನಾನೇ ಕೇಳೀನಿ" ಎಂದ ಗುಫ್ರಾನ್.

"ಹೆಸರು ಹೇಳ್ಯಾರಪಾ. ರೊಕ್ಕ ಇಟ್ಟಿಲ್ಲ" ಎಂದೆ.

ಕೊನೆಗೆ ಮುತ್ಯಾ ತಾವೇ ಧೈರ್ಯ ತಂದುಕೊಂಡರು. "ಆಯ್ತು ಬಿಡ್ರಿ. ರೊಕ್ಕ ಬರೋತನಾ ಮತ್ತ ಬಾಳಿ ಹಚ್ತೀನಿ. ಕಿತ್ತಿದ ಕಂದು ಇನ್ನಾ ಹಸೀ ಅವ."

ಅಧಿಕಾರಿ ಗಂಟಲು ಸರಿಮಾಡಿಕೊಂಡರು. "ಯಜಮಾನ್ರ, ದಾನಪತ್ರ ನೋಂದಣಿ ಆಗ್ಯಾದ. ಇದು ಈಗ ಸರ್ಕಾರದ ಜಾಗಾ. ನೀವು ಬಾಳಿ ಹಚ್ಚಿದ್ರ ಒತ್ತುವರಿ ಆಗ್ತದ್ರೀ."

ಮುತ್ಯಾ ಒಮ್ಮೆ ಅವರನ್ನು, ಒಮ್ಮೆ ತಮ್ಮ ಕಾಲಡಿಯ ನೆಲವನ್ನು ನೋಡಿದರು. ಆಮೇಲೆ ಚಪ್ಪಲಿ ಹುಡುಕಿ ಹಾಕಿಕೊಂಡು, ಬದು ದಾಟಿ, ರಸ್ತೆಯ ಅಂಚಿಗೆ ಹೋಗಿ ನಿಂತರು.

"ಇಲ್ಲಿ ನಿಂತ್ರ ನಡೀತದೇನ್ರೀ ಸಾಹೇಬ್ರ?" ಎಂದು ಅಲ್ಲಿಂದ ಕೇಳಿದರು.