ಟಿವಿ ನುಂಗಿದ ಅಂಚು

"ಭಾಯ್, ನನ್ನ ಮದ್ವೇನ ಮೇಲಷ್ಟು ಕೆಳಗಷ್ಟು ಕತ್ತರಿಸಿ ಕೊಟ್ಟಿದ್ದೀರಲ್ಲ," ಎಂದು ವಸಂತ್ ಡಿವಿಡಿಯನ್ನು ಮೇಜಿನ ಮೇಲಿಟ್ಟ. "ಟಿವೀಲಿ ಎರಡು ಕಪ್ಪು ಪಟ್ಟಿ. ಕಗ್ಗದಾಸಪುರದೋರೆಲ್ಲ ಕೂತು ನೋಡಿ ನಕ್ರು."

ಶಿವಾಜಿನಗರದ ಎಡಿಟಿಂಗ್ ರೂಮಿನಲ್ಲಿ ನಯಾಜ್‌ಗೆ ಈ ದೂರು ಹೊಸದಲ್ಲ. ಎರಡು ಸಾವಿರದ ಆರನೇ ಇಸವಿ. ಕ್ಯಾಮೆರಾಗಳ ಚಿತ್ರ ಅಗಲವಾಗಿತ್ತು, ಮನೆಗಳ ಟಿವಿಗಳು ಇನ್ನೂ ಚೌಕವಾಗಿಯೇ ಇದ್ದವು.

"ಕತ್ತರಿಸಿಲ್ಲ ಸಾರ್. ಅಗಲದ ಚಿತ್ರ ಪೂರ್ತಿ ಕೂರ್ಬೇಕಂದ್ರೆ ಮೇಲೆ ಕೆಳಗೆ ಖಾಲಿ ಬಿಡ್ಬೇಕು. ಟಿವಿ ತುಂಬಿಸಿದ್ರೆ ಎಡಬಲ ಹೋಗುತ್ತೆ."

"ಹೋಗ್ಲಿ ಬಿಡಿ. ಅಲ್ಲೇನಿದೆ, ಛತ್ರದ ಕಂಬ ತಾನೆ."

ನಯಾಜ್ ಚಿತ್ರವನ್ನು ಹಿಗ್ಗಿಸಿದ. ಪಟ್ಟಿಗಳು ಹೋದವು, ವಸಂತ್ ಮತ್ತು ಮದುಮಗಳು ಸುಕನ್ಯ ದೊಡ್ಡವರಾಗಿ ಎದ್ದು ಬಂದರು. ಆದರೆ ಏನೋ ಕಳೆದಂತಿತ್ತು. ಕುಗ್ಗಿಸಿದ. ಎಡ ಅಂಚಿನಲ್ಲಿ, ಕಂಬಕ್ಕೆ ಒರಗಿ, ಬೂದು ಸೀರೆಯ ಹೆಂಗಸೊಬ್ಬಳು. ಹಿಗ್ಗಿಸಿದ, ಇಲ್ಲ. ಕುಗ್ಗಿಸಿದ, ಇದ್ದಾಳೆ. ಧಾರೆಗೆ ಓಡಿಸಿದ, ಆರತಿಗೆ ಓಡಿಸಿದ. ಕ್ಯಾಮೆರಾ ತನ್ನತ್ತ ತಿರುಗಿದಾಗಲೆಲ್ಲ ಅವಳು ಸರಿದುಕೊಳ್ಳುತ್ತಿದ್ದಳು, ಆದರೆ ಹೊರಟು ಹೋಗುತ್ತಿರಲಿಲ್ಲ. ನೂರಾರು ಮದುವೆ ವಿಡಿಯೋ ಜೋಡಿಸಿದವನಿಗೂ ಇಂಥ ಅತಿಥಿ ಸಿಕ್ಕಿರಲಿಲ್ಲ.

"ಇವ್ರು ಯಾರು ಸಾರ್? ಅಕ್ಷತೆ ಹಾಕೋಕೂ ಮುಂದೆ ಬಂದಿಲ್ಲ."

ವಸಂತ್ ಪರದೆಗೆ ಬಾಗಿದ.

"ಅಮ್ಮ," ಎಂದ. "ಅಪ್ಪ ಹೋದ್ಮೇಲೆ ಮಂಟಪ ಹತ್ಬಾರ್ದು ಅಂದ್ರು ದೊಡ್ಡೋರು. ಚಿಕ್ಕಪ್ಪ ಚಿಕ್ಕಮ್ಮ ನಿಂತ್ರು. ಅಮ್ಮ ಅಡುಗೆಮನೇಲಿದ್ಲು ಅಂದ್ಕೊಂಡಿದ್ದೆ. ಆಲ್ಬಮ್‌ನಲ್ಲೂ ಒಂದು ಫೋಟೋ ಇಲ್ಲ ಭಾಯ್."

ಮತ್ತೆ ಪರದೆ ನೋಡಿದ. "ಆದ್ರೆ ಪಟ್ಟಿ ಇದ್ದಾಗ್ಲೂ ಮನೇಲಿ ಕಾಣ್ಲಿಲ್ವಲ್ಲ?"

ಅದು ನಯಾಜ್‌ಗೂ ಕುತೂಹಲ ಹುಟ್ಟಿಸಿತು. ಮೂಲೆಯ ಹಳೆ ಟಿವಿಗೆ ಡಿವಿಡಿ ಹಾಕಿದ. ಕಂಬ ಅರ್ಧವಿತ್ತು, ವಸಂತ್‌ನ ಅಮ್ಮ ಇರಲಿಲ್ಲ.

"ಹಳೇ ಟಿವಿ ಸಾರ್. ಸುತ್ತ ಬೆರಳಗಲ ಚಿತ್ರಾನ ತಾನೇ ನುಂಗ್ಬಿಡುತ್ತೆ."

ಕಂಪ್ಯೂಟರಿನಲ್ಲಿ ಚಿತ್ರವನ್ನು ಇನ್ನಷ್ಟು ಕುಗ್ಗಿಸಿದ. ಈಗ ನಾಲ್ಕೂ ಕಡೆ ಕಪ್ಪು. ತಾಳಿ ಕಟ್ಟುವ ದೃಶ್ಯವನ್ನು ಟಿವಿಗೆ ಬಿಟ್ಟ. ವಾಲಗ ಜೋರಾಯಿತು. ಅಂಚಿನಲ್ಲಿ ಬೂದು ಸೆರಗು ಅಲುಗಿತು, ಮುಷ್ಟಿಯೊಂದು ಮೇಲೆದ್ದು ಬಿಚ್ಚಿಕೊಂಡಿತು. ಅಕ್ಷತೆ ಮಂಟಪದವರೆಗೆ ಬರಲಿಲ್ಲ, ನಡುವೆ ಕೂತವರ ತಲೆಯ ಮೇಲೆ ಬಿತ್ತು.

ವಸಂತ್ ಅದನ್ನು ಮೂರು ಸಲ ಹಾಕಿಸಿದ.

"ಇನ್ನೂ ಒಂಚೂರು ಚಿಕ್ಕದು ಮಾಡಿ ಭಾಯ್," ಎಂದ. "ನಮ್ಮನೆ ಟಿವಿ ಇದಕ್ಕಿಂತ ಹಳೇದು."