ಅಮ್ಮ ಮೊದಲು ಫೋನ್ ಇಟ್ಟವಳಲ್ಲ

ಎದುರಿನವರು ಇಡುವ ಮುಂಚೆ ಫೋನ್ ಇಡುವುದೆಂದರೆ, ಹೊಸ್ತಿಲಲ್ಲಿ ನಿಂತು ಮಾತಾಡುತ್ತಿರುವವರ ಮುಖಕ್ಕೆ ಬಾಗಿಲು ಬಡಿದ ಹಾಗೆ. ಇದು ಅಮ್ಮನ ನ್ಯಾಯ. ದೂರದೂರಿಗೆ ಕೊಟ್ಟ ಮಗಳು ದಿನಾ ಸಂಜೆ ಫೋನ್ ಮಾಡುತ್ತಿದ್ದಳು. ಮಾತು ಮುಗಿದ ಮೇಲೂ ಇಬ್ಬರೂ ಸುಮ್ಮನೆ ಲೈನಿನಲ್ಲಿರುತ್ತಿದ್ದರು. ಇಲ್ಲಿ ಹೊಲಿಗೆ ಮಷೀನಿನ ಸದ್ದು, ಅಲ್ಲಿ ಪಾತ್ರೆ ತೊಳೆಯುವ ಸದ್ದು.

ಪಂಕ್ಚರ್ ಅಂಗಡಿಯಿಂದ ಕೈ ಕಪ್ಪು ಮಾಡಿಕೊಂಡು ಬಂದ ಮಗ ನಗುತ್ತಿದ್ದ. "ಏನಮ್ಮಾ, ಅಕ್ಕನ ಪಾತ್ರೆಗೆ ಕಾವಲಾ?"

"ನಿನಗೇನೋ ಗೊತ್ತು? ಆ ಮನೇಲಿ ಅವಳ ಹತ್ರ ಮಾತಾಡೋರಿಲ್ಲ. ಅವಳೇ ಇಡಲಿ ಬಿಡು."

ಹೊಸ ಕರೆಂಟಿನ ಮಷೀನು ಕೈಕೊಟ್ಟಿದ್ದು ಶಾಲೆ ಶುರುವಾಗುವ ಹೊತ್ತಿಗೆ, ಯೂನಿಫಾರಂ ಬಟ್ಟೆ ಮೂಲೆಯಲ್ಲಿ ರಾಶಿ ಬಿದ್ದಿದ್ದಾಗ. ವಾರಂಟಿ ಇತ್ತು. ಡಬ್ಬದ ಮೇಲೆ ಸಹಾಯವಾಣಿಯ ನಂಬರು ದಪ್ಪಕ್ಷರದಲ್ಲಿತ್ತು. ಕರೆಗೆ ನಿಮಿಷಕ್ಕೆ ಇಷ್ಟು ರೂಪಾಯಿ ಎಂಬುದು ಮಾತ್ರ ತಳದಲ್ಲಿ, ಇರುವೆ ಸಾಲಿನ ಹಾಗೆ. ಸೂಜಿಗೆ ದಾರ ಪೋಣಿಸಲು ಮಗನನ್ನು ಕೂಗುವವಳ ಕಣ್ಣಿಗೆ ಅದು ಬೀಳುತ್ತದೆಯೇ? ಬೀಳಬಾರದೆಂದೇ ಹಾಗೆ ಅಚ್ಚು ಹಾಕಿಸಿದ್ದರು, ಹಾಳಾದವರು.

"ನಿಮ್ಮ ಕರೆ ನಮಗೆ ಅಮೂಲ್ಯ. ದಯವಿಟ್ಟು ಲೈನಿನಲ್ಲೇ ಇರಿ," ಎಂದಿತು ಜೇನಿನಂಥ ಹೆಣ್ಣುದನಿ.

"ಇರ್ತೀನಮ್ಮಾ," ಎಂದಳು ಅಮ್ಮ. ಇದ್ದಳು.

ಸಂಗೀತ ಬಂತು. ಮತ್ತೆ ಅದೇ ದನಿ, ಮತ್ತೆ "ಇರ್ತೀನಮ್ಮಾ". ಫೋನನ್ನು ಮೇಜಿನ ಮೇಲಿಟ್ಟು, ಸ್ಪೀಕರ್ ಹಾಕಿ, ಅಂಗಿಗಳಿಗೆ ಗುಂಡಿ ಹಚ್ಚುತ್ತ ಕೂತಳು. ಲೈನ್ ತಾನಾಗಿ ಕಡಿದರೆ, ಪಾಪ ಆ ಹುಡುಗಿಗೆ ಎಷ್ಟು ಕೆಲಸವೋ ಎಂದುಕೊಂಡು ಮತ್ತೆ ಮಾಡಿದಳು. ಕೊಟ್ಟವರು ಯೂನಿಫಾರಂ ಬಟ್ಟೆಯನ್ನು ಹೊಲಿಸದೆಯೇ ವಾಪಸ್ಸು ಒಯ್ಯುವವರೆಗೂ ಹೀಗೇ ನಡೆಯಿತು. ಮಷೀನು ನೋಡಲು ಒಂದು ನರಪಿಳ್ಳೆಯೂ ಬರಲಿಲ್ಲ.

ಬಂದಿದ್ದು ಫೋನಿನ ಬಿಲ್ಲು.

ಮಗ ಮೊತ್ತವನ್ನು ಎರಡೆರಡು ಸಲ ಓದಿದ. ಉಗಿಯೋಣವೆಂದು ತಾನೇ ಆ ನಂಬರಿಗೆ ಮಾಡಿದ. ದೂರು ಕೊಡಲು ಎರಡು ಒತ್ತಬೇಕಂತೆ. ದೂರಿಗೂ ಅದೇ ನಿಮಿಷದ ಲೆಕ್ಕವಂತೆ! ಚರ್ಮ ಸುಲಿದವನಿಗೇ ಕತ್ತಿ ಮಸೆದ ಕೂಲಿ ಕೊಡಬೇಕು. ಕೊರಳಪಟ್ಟಿ ಹಿಡಿಯೋಣವೆಂದರೆ ಆ ದನಿಗೆ ಕೊರಳೇ ಇಲ್ಲ. ಎದುರಿಗಿದ್ದವಳು ಅಮ್ಮ.

"ಅದು ಮನುಷ್ಯಳಲ್ಲಮ್ಮಾ, ಟೇಪು! ಟೇಪಿಗೆ ಮರ್ಯಾದೆ ಕೊಟ್ಟು ಮನೆ ಗುಡಿಸಿ ಹಾಕಿದೆಯಲ್ಲ! ಇಟ್ಟುಬಿಡೋಕೆ ಏನು ರೋಗ ಬಂದಿತ್ತು ನಿನಗೆ?"

"ದಯವಿಟ್ಟು ಅಂದಳಲ್ಲೋ..." ಎಂದಳು ಅಮ್ಮ, ಅಷ್ಟೇ.

ಮಷೀನನ್ನು ಸಿಕ್ಕಿದ ಬೆಲೆಗೆ ಮಾರಿ ಬಿಲ್ಲು ಕಟ್ಟಿದರು. ಕೆಟ್ಟು ಮೂಲೆ ಸೇರಿದ್ದ ಹಳೆಯ ಕಾಲುಮಷೀನನ್ನು ರಿಪೇರಿ ಮಾಡಿಸಿ, ಅಮ್ಮ ಮತ್ತೆ ಅದಕ್ಕೇ ಕೂತಳು. ಫೋನನ್ನು ಮಾತ್ರ ಕಾದ ಬಾಣಲೆಯ ಹಾಗೆ ಮುಟ್ಟತೊಡಗಿದಳು. ಸಂಜೆ ಮಗಳ ಫೋನ್ ಬಂದರೆ, "ಚೆನ್ನಾಗಿದ್ದೀಯಾ? ಊಟ ಆಯ್ತಾ? ಸರಿ, ಇಡ್ತೀನಿ." ಮುಗಿಯಿತು.

"ಅಮ್ಮಾ, ಅವಳು ಮಾಡಿದ್ರೆ ನಮಗೇನೂ ಬೀಳಲ್ಲ."

"ಅವಳಿಗೆ ಬೀಳುತ್ತಲ್ಲೋ. ಎಲ್ಲಿ ಯಾರಿಗೆ ಬೀಳುತ್ತೋ, ನನ್ನಂಥವಳಿಗೆ ಏನು ಗೊತ್ತಾಗುತ್ತೆ?"

ಅಕ್ಕನ ಫೋನು ದಿನ ಬಿಟ್ಟು ದಿನಕ್ಕೆ ಬಂತು. ಆಮೇಲೆ ವಾರಕ್ಕೊಮ್ಮೆಯಾಯಿತು. ಒಂದು ಮಧ್ಯಾಹ್ನ, ಟ್ಯೂಬನ್ನು ನೀರಲ್ಲಿ ಮುಳುಗಿಸಿ ಗುಳ್ಳೆ ನೋಡುತ್ತಿದ್ದ ತಮ್ಮನಿಗೇ ಮಾಡಿದಳು.

"ಅಮ್ಮನಿಗೆ ನನ್ನ ಮೇಲೆ ಕೋಪವೇನೋ?"

ಅವನು ನಡೆದದ್ದೆಲ್ಲ ಹೇಳಿದ. ಟೇಪಿಗೆ "ಇರ್ತೀನಮ್ಮಾ" ಅಂದಳೆಂದು ಕೇಳಿ ಅಕ್ಕ ನಕ್ಕಳು. ನಗು ಅರ್ಧಕ್ಕೇ ನಿಂತಿತು.

"ಹೊಟ್ಟೇಲಿದ್ದ ಮಗು ಹೋಯ್ತು ಕಣೋ. ಅಮ್ಮನಿಗೆ ಹೇಳೋಣ ಅಂತ ಮಾಡಿದ್ದೆ. ಇಂಥದ್ದೆಲ್ಲ ಬಾಯಿಬಿಟ್ಟ ಕೂಡಲೇ ಬರುತ್ತಾ? ಮೊದಲೆಲ್ಲ ಸುಮ್ಮನೆ ಇರ್ತಿದ್ದಳಲ್ಲ, ಆಗ ಹೇಳೋಣ ಅಂತ ಕಾದೆ. ಅಷ್ಟರಲ್ಲಿ ಇಟ್ಟುಬಿಟ್ಟಳು."

ಅವನು ಒದ್ದೆ ಕೈಯಲ್ಲೇ ಮನೆಗೆ ಓಡಿದ. ಫೋನನ್ನು ಅಮ್ಮನ ಕೈಗಿಟ್ಟು, "ಅಕ್ಕ. ಇಡಬೇಡಮ್ಮಾ," ಎಂದ.

ಅಕ್ಕ ಹೇಳಿದಳು. ಮಷೀನು ತುಳಿಯುತ್ತಿದ್ದ ಅಮ್ಮನ ಕಾಲು ನಿಂತಿತು. ಹೆಬ್ಬೆರಳು ತನ್ನಷ್ಟಕ್ಕೆ ಕೆಂಪು ಗುಂಡಿಯ ಕಡೆ ಸರಿಯಿತು. ಅವನು ಆ ಬೆರಳನ್ನು ತನ್ನ ಕಪ್ಪು ಮುಷ್ಟಿಯಲ್ಲಿ ಹಿಡಿದುಕೊಂಡ.

"ಅಮ್ಮಾ... ಇದ್ದೀಯಾ?"

"ಇರ್ತೀನಮ್ಮಾ," ಎಂದಳು ಅಮ್ಮ. ಕಣ್ಣಿನಿಂದ ನೀರು ಇಳಿಯುತ್ತಿತ್ತು. ಆದರೂ ಆ ಕಣ್ಣು ಪರದೆಯ ಮೇಲೆ ಓಡುತ್ತಿದ್ದ ಸೆಕೆಂಡುಗಳನ್ನು ಬಿಟ್ಟು ಕದಲಲಿಲ್ಲ.